ಭೂತ ಬಂಗಲೆಯಲ್ಲಿ ಬಿದ್ದ ಗಂಟು

ಬನಹಟ್ಟಿ, ಬುಧವಾರ

ಜಮಖಂಡಿಯ ಜಾತ್ರೆಗೆ ಬಂದಿರುವ ಭೂತ ಬಂಗಲೆ ಆಟದ ಮಾಲೀಕರಿಗೆ, ನೇಕಾರರ ಓಣಿಯ ಸಾವಕ್ಕ ಮಾಡುವ ನಮಸ್ಕಾರ.

ನಿಮ್ಮ ಆಟ ಛಲೋ ಇತ್ತು. ಎಲ್ಲ ಸುಳ್ಳೆಂದು ಗೊತ್ತಿದ್ದೂ ಚೀರುವುದರಲ್ಲಿ ಬೇರೆಯೇ ಮಜಾ. ಆದರೆ ಕತ್ತಲೆಯ ತಿರುವಿನಲ್ಲಿ ಎಲುಬಿನ ಗೊಂಬೆಯ ಕೈಗೆ ಸಿಕ್ಕಿ ನನ್ನ ಸೆರಗು ಹರಿಯಿತು. "ನಿಂದ್ರ ಬೇ ಅಕ್ಕಾ, ಎಳಿ ಹರದಾವು" ಎಂದು ಯಾರೋ ಪಿಸುಗುಟ್ಟಿ ಸೆರಗು ಹಿಡಿದರು. ನಿಮ್ಮ ಕೆಲಸದವಳೆಂದುಕೊಂಡು ನಕ್ಕೆ. ಹೊರಗೆ ಬಂದು ನೋಡಿದರೆ ಹರಿದ ಎಳೆಗಳಿಗೆಲ್ಲ ಗಂಟು ಬಿದ್ದಿತ್ತು. ಒಳಗಿದ್ದವಳು ಯಾರೆಂದು ಕೇಳಿದರೆ ನೀವು, "ಒಳಗ ಬರೇ ಗೊಂಬಿ ಅದಾವ್ರಿ. ರವಿವಾರದೊಳಗ ಅಲ್ಲೊಂದು ಲೈಟ್ ಹಾಕಸ್ತೇನಿ" ಎಂದಿರಿ.

ಅದು ಎಡಗೈಯಿಂದ ತಿರುವಿ ಹಾಕಿದ ಗಂಟು. ನಮ್ಮ ಮಗ್ಗದಲ್ಲಿ ಹಾಗೆ ಹಾಕುತ್ತಿದ್ದವಳು ನನ್ನ ತಂಗಿ ಅನುರಾಧಾ ಒಬ್ಬಳೇ. ಅವಳು ತೀರಿಕೊಂಡು ವರ್ಷವಾಯಿತು.

ದಯವಿಟ್ಟು ಅಲ್ಲಿ ಲೈಟ್ ಹಾಕಿಸಬೇಡಿ. ರವಿವಾರ ಒಬ್ಬಳೇ ಬರುತ್ತೇನೆ. ಸೆರಗು ಮನೆಯಲ್ಲೇ ಹರಿದುಕೊಂಡು ಬರುತ್ತೇನೆ.

ಬರಲಿರುವ,
ಸಾವಕ್ಕ