ಹೇಳಲಾರೆ

ಮಾರ್ಚ್ ೧೪, ಬೆಳಗ್ಗೆ

ಮುದ್ದು ಗುಬ್ಬಿಗೆ ಅಮ್ಮನ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ. ಬೈದರೂ ಸರಿ, ಮುನಿಸಿಕೊಳ್ಳಬೇಡ. ನೀನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರೆಯಲು ಕೈ ಬರಲಿಲ್ಲ.

ನಗರಸಭೆಯವರು ನನಗೊಂದು ತಾತ್ಕಾಲಿಕ ಕೆಲಸ ಕೊಟ್ಟಿದ್ದಾರೆಂದು ಹಿಂದೆಯೇ ಬರೆದಿದ್ದೆನಲ್ಲ. ಸಿಮೆಂಟ್ ಕಾರ್ಖಾನೆಯ ಹಳೆಯ ಎರಡು ಚಿಮಣಿಗಳನ್ನು ಮುಚ್ಚಬೇಕೇ ಎಂದು ಮನೆಮನೆಗೆ ಹೋಗಿ ಕೇಳುವುದು. ಚೀಟಿಯಲ್ಲಿ ಮೂರು ಚೌಕ: ಬೇಕು, ಬೇಡ, ಹೇಳಲಾರೆ. ಒಂದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಮುಗಿಯಿತು. ಈ ಜನರ ಬಾಯಿಂದ ಅಭಿಪ್ರಾಯ ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದ ಹಾಗೆ.

ಕ್ಷೌರದಂಗಡಿಯವನು, “ಹೊಗೆ ನಿಂತ್ರೆ ಯಾರ ತಲೇನೂ ಕೊಳೆ ಆಗಲ್ಲ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ” ಎಂದು ನಗಿಸಿದ. ಗುರುತು ಮಾತ್ರ ಮೂರನೆಯ ಚೌಕಕ್ಕೇ ಹಾಕಿಸಿದ. ಪಕ್ಕದ ಮನೆಯ ದರ್ಜಿಯ ಹೆಂಡತಿ ಬೂದಿಗೆ ಹೆದರಿ ಒಗೆದ ಬಟ್ಟೆಯನ್ನೆಲ್ಲ ಒಳಗೇ ಒಣಹಾಕುತ್ತಾಳೆ. ಅವಳೂ ಬಾಗಿಲು ಅರ್ಧ ಮುಚ್ಚಿಕೊಂಡು, “ಮಗ ಅಲ್ಲೇ ದುಡೀತಾನಲ್ಲ ಅಕ್ಕಾ. ಹೇಳಲಾರೆ ಅಂತ್ಲೇ ಹಾಕ್ಕೊಂಡ್ಬಿಡಿ” ಎಂದಳು. ಹಾಕಿಕೊಂಡೆ.

ಎಣಿಕೆಯ ದಿನ ನಮ್ಮ ಮೇಲಧಿಕಾರಿ ‘ಹೇಳಲಾರೆ’ ಕಟ್ಟನ್ನೆತ್ತಿ ‘ಬೇಡ’ದ ಮೇಲೆ ಇಟ್ಟರು. “ಮುಚ್ಚಿ ಅಂತ ಇವರ್ಯಾರೂ ಹೇಳಿಲ್ವಲ್ಲ. ಮೌನಂ ಸಮ್ಮತಿ ಲಕ್ಷಣಂ” ಎಂದರು. ಯಾರೂ ತುಟಿಪಿಟಕ್ಕೆನ್ನಲಿಲ್ಲ, ನಾನೂ ಸೇರಿ. ಚಿಮಣಿಗಳಿಗೆ ಇನ್ನೂ ಹದಿನೈದು ವರ್ಷ ಅನುಮತಿ ಸಿಕ್ಕಿದೆ. ಮತ್ತೆ ನಮ್ಮನ್ನು ಯಾರೂ ಕೇಳುವುದಿಲ್ಲ. ನನಗಂತೂ ಆಸೆಯೇ ಉಳಿದಿಲ್ಲ, ಗುಬ್ಬಿ.

ಕೂಸನ್ನು ಕರೆದುಕೊಂಡು ಬರುತ್ತೇನೆಂದು ಬರೆದಿದ್ದೀಯ. ಬರಬೇಡ. ನೋಡಬೇಕೆಂದು ಜೀವ ಹಂಬಲಿಸುತ್ತದೆ, ಆದರೂ ಬರಬೇಡ. ನೀವು ಮೂವರೂ ಅಲ್ಲಿಯೇ ಎದೆ ತುಂಬ ಉಸಿರಾಡಿಕೊಂಡು ತಣ್ಣಗಿರಿ.

ನಿನ್ನ ಅಮ್ಮ

ತಾ.ಕ.: ಚಿಮಣಿಯ ವಿಷಯಕ್ಕೆ ಅಪ್ಪ ಏನೆಂದರು ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ಇಪ್ಪತ್ತೆರಡು ವರ್ಷ ಆ ಚಿಮಣಿಯ ಬುಡದಲ್ಲಿ ದುಡಿದ ಅವರಿಗೆ ಈಗ ಮಾತಾಡುವಷ್ಟೂ ಉಸಿರಿಲ್ಲ. ಮಂಚದ ಪಕ್ಕ ಕೂತು ಅವರ ಚೀಟಿಯನ್ನು ಓದಿ ಹೇಳಿದೆ. ಅವರು ಪೆನ್ಸಿಲಿಗೆ ಕೈ ಚಾಚಿದರು. ಕಣ್ಣು ಮೊದಲನೆಯ ಚೌಕದ ಮೇಲಿತ್ತು. ನಾವಿರುವುದು ಕಾರ್ಖಾನೆಯವರ ಮನೆ, ಚೀಟಿಯ ಮೇಲೆ ಮನೆಯ ನಂಬರಿತ್ತು. “ನೀರು ಬೇಕಾ?” ಎಂದು ಕೇಳಿ, ಚಾಚಿದ ಕೈಗೆ ಲೋಟ ಕೊಟ್ಟೆ. ಗುರುತು ನಾನೇ ಹಾಕಿದೆ, ಹೇಳಲಾರೆ ಎಂದು. ಅದು ಸುಳ್ಳೂ ಅಲ್ಲ. ಅವರು ನನ್ನನ್ನೇ ನೋಡುತ್ತಾ ನೀರು ಕುಡಿದರು.