ಒಳಹೊರಗು ಮಾಡಿದ ಚೀಲ

ಮಾರ್ಚ್ ೧೧, ಗುರುವಾರ

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರ. ನಾನು, ಅಮ್ಮ ಇಬ್ಬರೂ ಕ್ಷೇಮ. ನೀನು, ಭಾವ, ಮಗು ಹೇಗಿದ್ದೀರಿ ಎಂದು ಕೇಳುವುದಕ್ಕೆ ಮೂರು ವರ್ಷ ತಡವಾಯಿತು. ಅಂಚೆಯವನ ಮೇಲೆ ತಪ್ಪು ಹೊರಿಸಲಾರೆ, ನಮ್ಮ ನಿಮ್ಮ ಮನೆಗಳ ನಡುವೆ ಇರುವುದು ಒಂದು ರೈಲ್ವೆ ಗೇಟು. ಹೊರಗಿನವರನ್ನು ಮದುವೆಯಾದೆ ಎಂದು ನಮ್ಮ ಪ್ರಾರ್ಥನಾ ಸಭೆ ನಿನ್ನನ್ನು ಹೊರಹಾಕಿದಾಗ, ಹೊರಹಾಕಿದವರ ಮನೆ ಮೆಟ್ಟಬಾರದು, ಮಾತಾಡಬಾರದು ಎಂಬ ನಿಯಮವನ್ನು ಹಲ್ಲು ಕಚ್ಚಿ ಹಿಡಿದವನು ನಾನೇ. ಅದನ್ನು ನಿಷ್ಠೆ ಅಂದುಕೊಂಡಿದ್ದೆ.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಬರುವ ಭಾನುವಾರ ಅಮ್ಮನನ್ನು ಸಭೆಯ ಮುಂದೆ ನಿಲ್ಲಿಸುತ್ತಾರೆ. ಇನ್ನು ಮೇಲೆ ನಿನ್ನ ಮನೆಗೆ ಹೋಗುವುದಿಲ್ಲ ಎಂದು ಅವಳು ಎಲ್ಲರೆದುರು ಹೇಳಬೇಕಂತೆ. ಹೇಳದಿದ್ದರೆ ಅವಳೂ ಹೊರಗೆ. ಇದೆಲ್ಲ ಶುರುವಾದದ್ದು ನನ್ನಿಂದ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಹೋದ ಆಗಸ್ಟಿನಲ್ಲಿ ಬೋಧಕರು, "ಸಂದೇಶ ಮುಟ್ಟಿಸುವುದು ನನ್ನೊಬ್ಬನ ಕೆಲಸವಲ್ಲ, ನಿಮ್ಮಲ್ಲಿ ಪ್ರತಿಯೊಬ್ಬರೂ ಪುಸ್ತಿಕೆ ಹಿಡಿದು ಬೀದಿಗಿಳಿಯಬೇಕು" ಎಂದರು. ಜನರೆಲ್ಲ ತಲೆಯಾಡಿಸಿದರು. ಯಾರು ಮುಂದೆ ನಿಂತು ನಡೆಸುತ್ತೀರಿ ಎಂದು ಕೇಳಿದ ಕೂಡಲೇ ಅಷ್ಟೂ ತಲೆಗಳು ಕೆಳಗೆ ಬಗ್ಗಿ ನೆಲದ ಹಾಸುಗಲ್ಲು ಎಣಿಸತೊಡಗಿದವು. ನಾನು ಎದ್ದು ನಿಂತೆ. ಕಿರಾಣಿ ಪೊಟ್ಟಣದ ಕಾಗದವನ್ನೂ ಬಿಡದೆ ಓದುತ್ತೇನೆಂದು ನೀನು ನನ್ನನ್ನು ಪೊಟ್ಟಣದ ಪಂಡಿತ ಅನ್ನುತ್ತಿದ್ದೆಯಲ್ಲ, ಆ ಪಂಡಿತನಿಗೆ ಕೊನೆಗೂ ಒಂದು ಪೀಠ ಸಿಕ್ಕಿತು.

ನೀರಿನ ಮೀಟರ್ ಓದುವವನಿಗಿಂತ ಚೆನ್ನಾಗಿ ಊರಿನ ಬಾಗಿಲುಗಳು ಯಾರಿಗೆ ಗೊತ್ತು? ಯಾವ ಮನೆಯಲ್ಲಿ ನಾಯಿ ಇದೆ, ಯಾರ ಕರೆಗಂಟೆ ಕೆಟ್ಟಿದೆ, ಯಾರು ಒಳಗಿದ್ದೂ ಇಲ್ಲ ಅನ್ನುತ್ತಾರೆ, ಎಲ್ಲ ನನಗೆ ಬಾಯಿಪಾಠ. ಬೀದಿಗಳ ನಕ್ಷೆ ಬರೆದೆ, ಜನರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದೆ. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಪ್ರತಿ ಜೋಡಿಗೂ ಒಂದು ಬಟ್ಟೆಚೀಲ, ಅದರಲ್ಲಿ ನಲವತ್ತು ಪುಸ್ತಿಕೆ. ಸಂಜೆ ಐದಕ್ಕೆ ಮರಳಿ ಬಂದು ಚೀಲವನ್ನು ಒಳಹೊರಗು ಮಾಡಿ ಮೇಜಿನ ಮೇಲೆ ಹಾಸಬೇಕು. ಈ ಕೊನೆಯ ನಿಯಮ ನನ್ನ ತಲೆಯದು. ಬಾಯಲ್ಲಿ ಸುಳ್ಳು ಹೇಳಬಹುದು, ಒಳಹೊರಗಾದ ಚೀಲ ಸುಳ್ಳು ಹೇಳಲಾರದು ಅಂದುಕೊಂಡಿದ್ದೆ.

ನಮ್ಮ ಸೈನ್ಯವನ್ನು ನೀನು ನೋಡಬೇಕಿತ್ತು ಅಕ್ಕ. ಗಾಯನದ ಗುಂಪಿನ ಆ ಇಬ್ಬರು ಅಕ್ಕತಂಗಿಯರು ಲಿಫ್ಟ್ ಇರುವ ಒಂದೇ ಒಂದು ಕಟ್ಟಡ ಕೇಳಿ ಪಡೆದರು. ಲಿಫ್ಟ್ ಕೆಟ್ಟ ವಾರ ಅಲ್ಲಿ ಉದ್ಧರಿಸಬೇಕಾದ ಆತ್ಮಗಳೂ ಇರಲಿಲ್ಲ. ಕಾಂಪೌಂಡರ್ ತನ್ನ ನಲವತ್ತನ್ನೂ ದವಾಖಾನೆಯ ಬೆಂಚಿನ ಮೇಲೆ ಸುರಿದು ಮನೆಗೆ ಹೋಗಿ ಮಲಗುತ್ತಿದ್ದ. ಕೇಳಿದರೆ, "ಕಾಯಿಲೆಯವ್ರಿಗೇ ತಾನೆ ಔಷಧಿ ಬೇಕಾಗಿರೋದು?" ಅನ್ನುತ್ತಿದ್ದ. ಕ್ಷೌರದಂಗಡಿಯವನ ಬಳಿ ಹೋದರೆ ಗಿರಾಕಿಯ ಗಲ್ಲದಿಂದ ತೆಗೆದ ನೊರೆಯನ್ನು ನಮ್ಮ ಪುಸ್ತಿಕೆಗೇ ಒರೆಸುತ್ತಿದ್ದಾನೆ. "ಓದಿ ಆದ್ಮೇಲೇನೇ ಒರೆಸೋದು ತಮ್ಮಾ" ಎಂದ, ನಾಚಿಕೆಯಿಲ್ಲದೆ. ಮೈಕ್ ಮಾವನಂತೂ, ಅದೇ ನಿವೃತ್ತ ಹೆಡ್‌ಮಾಸ್ಟರ್, ಮೈಕು ಹಿಡಿದರೆ ಬಿಡದ ನಮ್ಮ ಹಿರಿಯರು, ಒಂದು ಬಾಗಿಲೂ ತಟ್ಟಲಿಲ್ಲ. ಪ್ರತಿ ವಾರ ನಮ್ಮನ್ನು ಕಳಿಸಿಕೊಡುವ ಭಾಷಣ ಮಾಡಿ, ಮರಳುವ ಹೊತ್ತಿಗೆ ಸ್ವಾಗತ ಭಾಷಣಕ್ಕೆ ಸಿದ್ಧವಾಗಿರುತ್ತಿದ್ದರು.

ಐದು ಗಂಟೆಗೆ ಮಾತ್ರ ಎಲ್ಲರ ಚೀಲವೂ ಒಳಹೊರಗೇ. ಎಷ್ಟೊಂದು ಖಾಲಿ ಚೀಲಗಳು, ಎಷ್ಟೊಂದು ಚಹಾ, ಎಷ್ಟೊಂದು ಬೆನ್ನು ತಟ್ಟಾಟ. ಇವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನಂಬದವರ ಮೇಲೆ ನನಗೆ ಸಿಟ್ಟಿಲ್ಲ, ಅರ್ಧ ನಂಬಿ ಪೂರ್ತಿ ಚಹಾ ಕುಡಿಯುವವರನ್ನು ನಾನು ಸಹಿಸಲಾರೆ.

ಈ ಹಿಂಡಿನಲ್ಲಿ ನನಗೆ ಸಮಾಧಾನ ಕೊಟ್ಟವಳು ಅಮ್ಮ ಒಬ್ಬಳೇ. ಓದಲು ಬಾರದ ಅಮ್ಮ, ವಾರವಿಡೀ ದರ್ಜಿ ಅಂಗಡಿಗೆ ಕಾಜಾ ಹಾಕಿ ಹಾಕಿ ಬೆರಳು ತೂತಾದ ಅಮ್ಮ. ಅವಳ ಜೋಡಿಯಾಗಿದ್ದ ಲಾಂಡ್ರಿಯಾಕೆಗೆ ಮೊದಲ ವಾರವೇ ಮಂಡಿನೋವು ಬಂದು ಅವಳು ಮನೆ ಹಿಡಿದಳು. ಅಮ್ಮ, "ನಾನೊಬ್ಳೇ ಹೋಗ್ತೀನಿ, ನನಗೇನು ಭಯ" ಎಂದು ಚೀಲ ಹೆಗಲಿಗೆ ಹಾಕಿಕೊಂಡಳು. ಸಂಜೆ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು, ಮುಖ ಬೆಳಗುತ್ತಿತ್ತು, ಚೀಲ ಖಾಲಿ. ಜನವರಿಯಲ್ಲಿ ನಾನು ಅವಳನ್ನು ಮುಂದೆ ಕರೆದು ನಿಲ್ಲಿಸಿದೆ. "ನೋಡಿ, ಓದಲು ಬಾರದ ಈ ಹೆಂಗಸು ನಿಮ್ಮೆಲ್ಲರ ಮುಖಕ್ಕೆ ಮಸಿ ಬಳಿದಿದ್ದಾಳೆ" ಎಂದು ಸಭೆಗೆ ಹೇಳಿದೆ. ಅಮ್ಮ ನೆಲ ನೋಡುತ್ತಿದ್ದಳು. ವಿನಯ ಅಂದುಕೊಂಡೆ.

ಹೋದ ವಾರ ನಿಮ್ಮ ವಾರ್ಡಿನ ಮೀಟರ್ ಓದುವವನು ರಜೆ ಹಾಕಿದ. ಅವನ ಪುಸ್ತಕ ನನ್ನ ಕೈಗೆ ಬಂತು. ಮಂಗಳವಾರ ಬೆಳಿಗ್ಗೆ ನಿನ್ನ ಬಾಗಿಲ ಮುಂದೆ ನಿಂತೆ. ನೀನು ಕೆಲಸಕ್ಕೆ ಹೋಗಿದ್ದೆ. ಭಾವ ಗ್ರೀಸ್ ಕೈಯಲ್ಲೇ ಬಾಗಿಲು ತೆಗೆದರು. ಅವರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಮೀಟರ್ ಹಿಂದ್ಗಡೆ ಇದೆ, ಬನ್ನಿ" ಎಂದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಸರ್ಕಾರದ ಗುರುತಿನ ಚೀಟಿ ನೀವು ತೋರಿಸ್ಬೇಕಾಗಿಲ್ಲ ಬಿಡಿ, ಆ ಮೂಗು ಸಾಕು" ಎಂದರು.

ಹಿತ್ತಲಲ್ಲಿ, ಮೆಟ್ಟಿಲ ಕೆಳಗೆ, ಮೀಟರಿನ ಪಕ್ಕದಲ್ಲೇ ಇದ್ದವು. ಕಟ್ಟುಕಟ್ಟಾಗಿ, ತೇವ ತಾಗದಂತೆ ಪ್ಲಾಸ್ಟಿಕ್ ಹೊದಿಸಿ, ಏಳು ತಿಂಗಳ ಪುಸ್ತಿಕೆಗಳು.

"ಅತ್ತೆ ತರ್ತಾರೆ" ಎಂದರು ಭಾವ. "ಭಾನುವಾರ ಬಂದು ಮೊದ್ಲು ಚೀಲ ಖಾಲಿ ಮಾಡ್ತಾರೆ, ಆಮೇಲೆ ಮಗು ಎತ್ಕೋತಾರೆ. ರದ್ದಿಗೆ ಹಾಕೋಣ ಅಂದ್ರೆ ಇವಳು ಬಿಡಲ್ಲ. ನಮ್ಮ ಸ್ಕೂಟರ್ ಮಳೇಲಿ ನಿಲ್ಲುತ್ತೆ, ನಿಮ್ಮ ಪುಸ್ತಕ ಬೆಚ್ಚಗಿದೆ."

ರೀಡಿಂಗ್ ಬರೆದುಕೊಂಡೆನೋ ಇಲ್ಲವೋ ನೆನಪಿಲ್ಲ. ನಿಮ್ಮ ಬಿಲ್ಲು ತಪ್ಪಾಗಿ ಬಂದರೆ ಅದು ನನ್ನ ಕೆಲಸ.

ಮನೆಗೆ ಹೋದವನೇ ಅಮ್ಮನ ಮೇಲೆ ಹರಿಹಾಯ್ದೆ. ಮೋಸ ಅಂದೆ, ಕಾಂಪೌಂಡರ್‌ಗೂ ನಿನಗೂ ಏನು ವ್ಯತ್ಯಾಸ ಅಂದೆ. ಅವಳು ಕೈಯಲ್ಲಿದ್ದ ಕಾಜಾ ಮುಗಿಸಿ ದಾರ ಕಚ್ಚಿದಳು.

"ಒಂದು ಬಾಗಿಲೂ ಬಿಡಬಾರದು ಅಂತ ಹೇಳಿದ್ದು ಯಾರು?"

"ನಾನೇ."

"ನಕ್ಷೇಲಿ ಅವಳ ಬೀದಿ ಬಿಟ್ಟಿದ್ದು ಯಾರು?"

ಹೌದು ಅಕ್ಕ, ಇಡೀ ಊರಿನ ನಕ್ಷೆಯಲ್ಲಿ ನಿನ್ನ ಬೀದಿ ಒಂದನ್ನೇ ನಾನು ಬರೆದಿರಲಿಲ್ಲ. ಯಾರೂ ಕೇಳಲಿಲ್ಲ. ಓದಲು ಬಾರದ ಅಮ್ಮ ಲಾಂಡ್ರಿಯಾಕೆಯ ಹತ್ತಿರ ನಕ್ಷೆಯ ಒಂದೊಂದೇ ಬೀದಿ ಓದಿಸಿ ಕೇಳಿಸಿಕೊಂಡು ಅದನ್ನು ಕಂಡುಹಿಡಿದಿದ್ದಳು.

"ನೀನು ಬಿಟ್ಟ ಬಾಗಿಲಿಗೆ ನಾನು ಹೋದೆ ಕಣೋ. ಒಂದೇ ಮನೆಗೆ ನಲವತ್ತು ಕೊಡಬಾರದು ಅಂತ ನೀನೇನೂ ಹೇಳಿರ್ಲಿಲ್ಲ" ಎಂದಳು. ಆಮೇಲೆ ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನ ಕೈಗೆ ಕೊಟ್ಟಳು.

ಅಷ್ಟರಲ್ಲಿ ಮೈಕ್ ಮಾವನ ಸೊಸೆ ಅಮ್ಮನನ್ನು ನಿಮ್ಮ ಬಾಗಿಲಲ್ಲಿ ಮಗುವಿನ ಸಮೇತ ನೋಡಿಬಿಟ್ಟಿದ್ದಳು. ನಿನ್ನೆ ಹಿರಿಯರ ಕೂಟ ಸೇರಿತು. ನನ್ನನ್ನು ಕರೆದದ್ದು ಸಾಕ್ಷಿ ಹೇಳಲು.

"ನೋಡಪ್ಪಾ, ನಿಯಮದ ವಿಷಯದಲ್ಲಿ ನೀನು ಎಷ್ಟು ಕಟ್ಟುನಿಟ್ಟು ಅಂತ ನಮಗೆಲ್ಲ ಗೊತ್ತು" ಎಂದರು ಮೈಕ್ ಮಾವ. "ನಿಮ್ಮ ತಾಯಿ ಅಲ್ಲಿಗೆ ಹೋಗ್ತಾ ಇದ್ದದ್ದು ನಿನಗೆ ಗೊತ್ತಿತ್ತಾ?"

ಆ ಕೋಣೆಯಲ್ಲಿ ಕಾಂಪೌಂಡರ್ ಇದ್ದ. ಅವನು ಈಗ ಸಭೆಯ ಹಿರಿಯರಲ್ಲೊಬ್ಬ. ಬಿಸ್ಕತ್ತು ತಿನ್ನುತ್ತ ನನ್ನ ತಾಯಿಯ ಆತ್ಮದ ಬಗ್ಗೆ ಚಿಂತಿಸುತ್ತಿದ್ದ. ಜೀವಮಾನದಲ್ಲಿ ಒಂದು ಬಾಗಿಲು ತಟ್ಟದವರು, ಏಳು ತಿಂಗಳು ಬಿಸಿಲಲ್ಲಿ ಗೇಟು ದಾಟಿ ನಡೆದವಳನ್ನು ತೂಗಲು ಕೂತಿದ್ದರು. ಅಕ್ಕ, ನಾನು ಮೊದಲ ಸಲ ಸಭೆಯೊಳಗೆ ಸುಳ್ಳು ಹೇಳಿದೆ.

"ಆ ಬೀದಿ ಅಮ್ಮನಿಗೆ ನಾನೇ ಕೊಟ್ಟದ್ದು" ಎಂದೆ.

ಬೋಧಕರು ಕನ್ನಡಕ ತೆಗೆದರು. ಮೈಕ್ ಮಾವನಿಗೆ ಒಂದು ಕ್ಷಣ ಮಾತು ಹೊರಡಲಿಲ್ಲ, ಅದೊಂದು ಪವಾಡ. ಆಮೇಲೆ ನನ್ನ ಉಸ್ತುವಾರಿ ಕಿತ್ತುಕೊಂಡು ಕಾಂಪೌಂಡರ್‌ಗೆ ಕೊಟ್ಟರು. ಅಮ್ಮ ಮಾತ್ರ ಎದ್ದು ನಿಂತು ಮಾತು ಕೊಡಲೇಬೇಕು ಎಂದರು.

ಅಮ್ಮನಿಗೆ ಹೇಳಿದೆ. "ಎದ್ದು ನಿಲ್ಲೋಕೆ ನನಗೂ ಮಂಡಿನೋವು" ಎಂದಳು. ಅವಳು ಸಭೆಗೆ ಹೋಗುವುದಿಲ್ಲ. ಮೂವತ್ತು ವರ್ಷ ಕೂತ ಬೆಂಚು ಬಿಡುತ್ತಿದ್ದಾಳೆ, ನಿನ್ನ ಮನೆಯ ಎರಡು ಗಂಟೆ ಹೊತ್ತಿಗಾಗಿ. ನನಗೆ ಮಾತ್ರ ನಿದ್ದೆಯಿಲ್ಲ. ನಾನು ಈಗಲೂ ನಂಬುವವನೇ. ಹಂಚುವುದಕ್ಕೆ ಯೋಗ್ಯವಾದದ್ದು ಏನೋ ಇದೆ ಎಂದು ಈಗಲೂ ನಂಬುತ್ತೇನೆ. ಅದು ಆ ಮೇಜಿನ ಮೇಲೆ ಇರಲಿಲ್ಲ ಅಷ್ಟೇ.

ಭಾನುವಾರ ಮೂರು ಗಂಟೆಗೆ ಅಮ್ಮ ಎಂದಿನಂತೆ ಬರುತ್ತಾಳೆ. ನಾನೂ ಜೊತೆಗೆ ಬರಲೇ? ನೀನು ಬೇಡ ಅಂದರೆ ಗೇಟಿನವರೆಗೆ ಬಂದು ನಿಲ್ಲುತ್ತೇನೆ, ಅವಳು ಹಳಿ ದಾಟುವುದನ್ನು ನೋಡಿ ಹಿಂತಿರುಗುತ್ತೇನೆ. ಉತ್ತರವನ್ನು ಭಾವನ ಕೈಯಲ್ಲಿ ಹೇಳಿಕಳಿಸಿದರೂ ಸಾಕು.

ಚಿಕ್ಕವನು ನಾನು, ನಿನ್ನನ್ನು ಹರಸುವ ಹಕ್ಕು ನನಗಿಲ್ಲ. ನಾನು ಇನ್ನೂ ಮುಖ ನೋಡದ ನನ್ನ ಸೋದರಸೊಸೆ ಆರೋಗ್ಯವಾಗಿ ಬೆಳೆಯಲಿ, ಅವಳ ಮೂಗು ಮಾತ್ರ ಭಾವನದಾಗಲಿ. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಪಾದಕ್ಕೆರಗುವ,
ತಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಡಿಸೆಂಬರಿನಿಂದ ಚೀಲದಲ್ಲಿ ಇದ್ದ ನಲವತ್ತೂ ಒಂದೇ ಪುಸ್ತಿಕೆಯ ಪ್ರತಿಗಳು, 'ಹೊರಗೆ ಹೋದವರಿಗೆ' ಎಂಬುದು. ಅದರಲ್ಲಿ ಬರೆದವರ ಹೆಸರಿಲ್ಲ. ಬರೆದವನು ನಾನು. ಆರನೆಯ ಪುಟದಲ್ಲಿ ಒಬ್ಬ ತಾಯಿ, "ನನಗೆ ಇರುವುದು ಒಬ್ಬನೇ ಮಗ, ಮಗಳು ಸತ್ತಳು" ಅನ್ನುತ್ತಾಳೆ. ಅಮ್ಮ ಹಾಗೆ ಎಂದೂ ಅಂದಿಲ್ಲ ಅಕ್ಕ. ಅದು ನಾನು ಅವಳ ಬಾಯಿಗೆ ಹಾಕಿದ ಮಾತು. ತಾನು ಏನು ಹೊತ್ತು ತರುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ನೀನು ಓದಿರಲಾರೆ ಎಂದು ಆಸೆಪಟ್ಟು, ಭಾವ ಆಚೆ ತಿರುಗಿದಾಗ ಮೇಲಿನ ಕಟ್ಟಿನಿಂದ ಒಂದನ್ನು ತೆಗೆದು ನೋಡಿದೆ. ಆರನೆಯ ಪುಟದ ಮೂಲೆ ಮಡಚಿತ್ತು. ಅಂದರೆ ಓದಿದ್ದೀಯ, ಓದಿಯೂ ಪ್ರತಿ ಭಾನುವಾರ ಅವಳ ಕೈಯಿಂದ ನಲವತ್ತನ್ನೂ ಇಸಿದುಕೊಂಡಿದ್ದೀಯ.