ಕೊನೆಯ ಚೌಕ

ಮನೆಯಿಂದ,
ಮಾರ್ಚ್ ೧೪, ಬೆಳಗಿನ ಹತ್ತು ಗಂಟೆ

ಮುದ್ದು ಗುಬ್ಬಿ,

ಹೇಗಿದ್ದೀಯ? ಸಿಗ್ನಲ್ ತರಬೇತಿಯಲ್ಲಿ ನಿಂತೂ ನಿಂತೂ ಕಾಲು ಊದಿಕೊಳ್ಳುತ್ತದೆ ಎಂದಿದ್ದೆಯಲ್ಲ, ಈಗ ವಾಸಿಯೇ? ಹಾಸ್ಟೆಲಿನ ಊಟ ಒಗ್ಗಿತೇ? ರೈಲನ್ನೇ ನಿಲ್ಲಿಸುವ ಅಧಿಕಾರ ಮೊಮ್ಮಗಳ ಕೈಗೆ ಬರುತ್ತದೆಂದು ನಾನು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಪರೀಕ್ಷೆ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರಿ ಎಂದು ನಿನ್ನ ಅಜ್ಜಿಯ ಆಜ್ಞೆ.

ಅಜ್ಜಿಯ ಸುದ್ದಿಯನ್ನೇ ಹೇಳಬೇಕಿತ್ತು. ಗಾಬರಿಯಾಗಬೇಡ, ಈಗ ಆರಾಮಾಗಿದ್ದಾಳೆ. ಎರಡು ತಿಂಗಳಿಂದ ಅವಳ ಬಲಗೆನ್ನೆಯಲ್ಲಿ ನೋವಿತ್ತು. ಹಲ್ಲಿನ ಡಾಕ್ಟರು ಒಂದು ದವಡೆ ಹಲ್ಲು ಕಿತ್ತರು, ನೋವು ಕದಲಲಿಲ್ಲ. ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಸ್ವಲ್ಪ ಚುಚ್ಚುತ್ತೆ, ಅಷ್ಟೇ." ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ರೇಗುವವರಿಗೂ ಅಳುವವರಿಗೂ ಒಂದೇ ತಣ್ಣನೆಯ ದನಿಯಲ್ಲಿ ಉತ್ತರಿಸಿದವಳು. ಆ ದನಿಯನ್ನು ನಂಬಿ ನಾನೂ ಮೋಸಹೋದೆ. ಪ್ರೆಸ್ಸಿನಲ್ಲಿ ಜೀವಮಾನವೆಲ್ಲ ಕರಡು ತಿದ್ದಿದ ಈ ಕಣ್ಣಿಗೆ ಒಂದು ಅಲ್ಪವಿರಾಮ ತಪ್ಪಿದರೂ ಕಾಣುತ್ತಿತ್ತು. ಹೆಂಡತಿ ಒಂದೇ ಕೆನ್ನೆಗೆ ಪೌಡರ್ ಹಚ್ಚುತ್ತಿದ್ದಾಳೆ, ತಿನ್ನುವುದನ್ನೆಲ್ಲ ಮೆತ್ತಗೆ ಕಿವುಚಿ, ಅಗಿಯದೆ ನುಂಗುತ್ತಿದ್ದಾಳೆ ಎಂಬುದು ಕಾಣಲಿಲ್ಲ ನೋಡು. ಕಳೆದ ವಾರ ಒಂದು ಮಧ್ಯಾಹ್ನ ಫ್ಯಾನ್ ಹಾಕಿದೆ. ಗಾಳಿ ಕೆನ್ನೆಗೆ ತಾಗಿದ್ದೇ ತಡ, ಮೇಜಿನ ಅಂಚು ಹಿಡಿದು ನಿಂತುಬಿಟ್ಟಳು. ಬಾಯಿಂದ ಸದ್ದಿಲ್ಲ. ಬೆರಳುಗಳು ಮಾತ್ರ ಬಿಳಿಚಿಕೊಂಡಿದ್ದವು.

ಮರುದಿನವೇ ನರಗಳ ಡಾಕ್ಟರ ಬಳಿ ಕರೆದೊಯ್ದೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ನರ್ಸಮ್ಮ ಒಂದು ಇಂಗ್ಲಿಷ್ ಫಾರಂ ಕೊಟ್ಟರು, ನೋವು ಎಷ್ಟಿದೆಯೆಂದು ಗುರುತು ಹಾಕಲು. ಮೊದಲ ಚೌಕ ಅಲ್ಪಸ್ವಲ್ಪ ನೋವಿನದು. ಕೊನೆಯದರ ಮುಂದೆ 'ಆ್ಯಗನಿ' ಎಂದಿತ್ತು. ಅಜ್ಜಿ ಮೊದಲನೆಯದಕ್ಕೇ ಪೆನ್ನು ಒಯ್ದಳು. ನಾನು ಕೈ ಹಿಡಿದೆ. "ಕೊನೇದು ಏನಂತೆ?" ಎಂದಳು. ತಡೆಯಲಾರದ ನೋವು ಎಂದೆ. "ಅಯ್ಯೋ, ಅಷ್ಟೆಲ್ಲ ರಾಗ ತೆಗೆಯೋಳಲ್ಲ ನಾನು."

ಆ ಇಂಗ್ಲಿಷ್ ಪದದ ಕರಡನ್ನು, ನಮ್ಮ ಪ್ರೆಸ್ ನಿಘಂಟು ಅಚ್ಚುಹಾಕಿದ ವರ್ಷ, ನಾನೇ ತಿದ್ದಿದ್ದೆ. ನೆನಪಿದ್ದಷ್ಟು ಹೇಳಿದೆ. ಅದರ ಬೇರು ಗ್ರೀಕರ 'ಅಗೋನ್'. ಮೊದಲು ಜನ ಸೇರುವುದಕ್ಕೆ ಹಾಗೆನ್ನುತ್ತಿದ್ದರು, ಆಮೇಲೆ ಸೇರಿದವರ ಮುಂದೆ ನಡೆಯುವ ಓಟ, ಕುಸ್ತಿಯಂಥ ಪಂದ್ಯಗಳಿಗೆ. ಗೆಲ್ಲಲು ಪಡುವ ಹೆಣಗಾಟ 'ಅಗೋನಿಯಾ' ಆಯಿತು. ಎದೆಯ ತಳಮಳಕ್ಕೂ ಅದೇ ಹೆಸರು. ಇಂಗ್ಲಿಷಿಗೆ ಬಂದಾಗ ಮೊದಲು ಮನಸ್ಸಿನ ಸಂಕಟವಾಗಿತ್ತು, ಮೈನೋವಿಗೆ ಅಂಟಿಕೊಂಡದ್ದು ಆಮೇಲೆ. ಪಕ್ಕದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಬಡಗಿಯೂ ಕಿವಿಗೊಟ್ಟಿದ್ದ.

"ಅಂದ್ರೆ ಅದು ಅಳೋರ ಮಾತಲ್ಲ," ಎಂದಳು ಅಜ್ಜಿ.

"ಅಲ್ಲ ಕಣೇ, ಸೆಣಸೋರದು."

ಆಮೇಲೆ, ಗುಬ್ಬಿ, ಅಷ್ಟು ಜನರ ಎದುರಿಗೇ ನನ್ನ ಭುಜಕ್ಕೆ ಹಣೆಯೊರಗಿಸಿದಳು. "ತಡೆಯೋಕಾಗ್ತಿಲ್ಲ ರೀ. ಮಿಂಚು ಹೊಡೆದ ಹಾಗಾಗುತ್ತೆ. ಮುಖ ತೊಳೆಯೋಕೂ ಭಯ." ಕೊನೆಯ ಚೌಕಕ್ಕೆ ತಾನೇ ಗುರುತು ಹಾಕಿದಳು, ಕಾಗದ ಹರಿಯುವಷ್ಟು ಒತ್ತಿ.

ಆ ಮಿಂಚಿನ ಮಾತಿನಿಂದಲೇ ಡಾಕ್ಟರಮ್ಮನಿಗೆ ಸುಳಿವು ಸಿಕ್ಕಿತು. ಮುಖದ ನರದ ತೊಂದರೆಯಂತೆ. ಹಲ್ಲಿಗೆ ಸಂಬಂಧವೇ ಇಲ್ಲ. "ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ?" ಎಂದು ಗದರಿದರು. ಸ್ಕ್ಯಾನ್ ಆಯಿತು, ಭಯಪಡುವಂಥದ್ದಿಲ್ಲ. ಮಾತ್ರೆ ಶುರುವಾಗಿ ಐದು ದಿನ. ತೂಕಡಿಕೆ ಜಾಸ್ತಿ, ಆದರೆ ನಿನ್ನೆ ಎರಡೂ ಕೆನ್ನೆಗೆ ಸೋಪು ಹಚ್ಚಿ ಮುಖ ತೊಳೆದಳು. ಹಲ್ಲಿನ ಡಾಕ್ಟರ ಮೇಲೆ ಇನ್ನೂ ಹಲ್ಲು ಮಸೆಯುತ್ತಿದ್ದಾಳೆ. ಮಸೆಯಲು ಒಂದು ಕಡಿಮೆ, ಅಷ್ಟೇ.

ಅಜ್ಜಿ ನಿನ್ನ ತಲೆ ನೇವರಿಸಿದಳೆಂದುಕೋ. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನೂರು ಕಾಲ ಸುಖವಾಗಿರು ಕಂದ.

ಇಂತಿ, ನಿನ್ನ ವಟವಟ
ತಾತ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಧೈರ್ಯ ಸಾಲಲಿಲ್ಲ: ಭಾನುವಾರ ಫೋನಿನಲ್ಲಿ ನೀನು ನಗುನಗುತ್ತಲೇ ಮಾತಾಡಿದೆ. ಫೋನ್ ಇಟ್ಟ ಮೇಲೆ ಅಜ್ಜಿ, "ಮಗು ಅತ್ತು, ಕಣ್ಣೊರೆಸಿಕೊಂಡು ಮಾತಾಡ್ತಿತ್ತು ರೀ. ನನ್ನ ಕಿವಿಗೆ ಗೊತ್ತಾಗಲ್ವಾ?" ಎಂದಳು. ಏನಾಯಿತೆಂದು ಕಾಗದದಲ್ಲಿ ಬರೆಯಬೇಡ, ಎದುರಿಗೇ ಹೇಳುವೆಯಂತೆ. ತರಬೇತಿ ಮುಗಿಸಿಕೊಂಡೇ ಬಾ ಎನ್ನುವವರು ಈ ಮನೆಯಲ್ಲಿ ಯಾರೂ ಇಲ್ಲ. ಶನಿವಾರದ ಬಸ್ಸಿಗೆ ನಾವಿಬ್ಬರೂ ಅಲ್ಲಿಗೆ ಬರುತ್ತಿದ್ದೇವೆ. ಹಾಸ್ಟೆಲಿನ ಗೇಟಿನ ಹತ್ತಿರ ಇರು.